ಐದನೇ ಗೀಟು

ಬಟ್ಟೆಗೆ ಕತ್ತರಿ ಹಾಕುವ ಮೊದಲು
ಒಂದು ಗಳಿಗೆ ಅಂಗೈ ಇಟ್ಟು ನೋಡಬೇಕು,
ನೂಲು ಯಾವ ಕಡೆ ಎಳೆಯುತ್ತದೆ ಅಂತ.
ಇಪ್ಪತ್ತೆರಡು ವರ್ಷ ಜೀನ್ಸ್ ಹೊಲಿದವಳಿಗೆ
ಇಷ್ಟು ಗೊತ್ತಿತ್ತು.
ಮನೆಗೂ ಹಾಗೆ ಅಂಗೈ ಇಡಬೇಕೆಂದು
ತಡವಾಗಿ ತಿಳಿಯಿತು.

ಕೌಲ್ ಬಜಾರಿನ ಈ ತಗಡಿನ ಮನೆಗೆ ಬಂದ ದಿನವೇ
ಎರ್ರಿಸ್ವಾಮಿ ಮೊಳೆ, ಸುತ್ತಿಗೆ ಹಿಡಿದು ನಿಂತ.
ತಡಿ, ಒಂದು ಬ್ಯಾಸಗಿ ಕಳೀಲಿ, ಅಂದೆ.
"ಮನಿ ಏನು ಸಿನಿಮಾನಾ, ಕುಂತು ನೋಡಾಕ?"
ನಕ್ಕು, ಗೂಡ್ಸ್ ಆಟೋ ಹತ್ತಿ ಹೋದ.

ನಾನು ಕುಂತೇ ನೋಡಿದೆ.
ಏಪ್ರಿಲ್ ಬಿಸಿಲು ಹನ್ನೊಂದಕ್ಕೆ ಹೊಸ್ತಿಲು ದಾಟಿ
ಮಷಿನ್ನಿನ ಕಾಲು ಮುಟ್ಟುತ್ತದೆ.
ಗುಡ್ಡ ಹಗಲೆಲ್ಲ ಕುಡಿದ ಕಾವನ್ನು
ರಾತ್ರಿ ನಮ್ಮ ಓಣಿಗೆ ಕಕ್ಕುತ್ತದೆ.
ಗಾಳಿ ಬರುವುದು ಬಚ್ಚಲ ಕಡೆಯಿಂದ, ಅದೂ ಎರಡೇ ಹೊತ್ತು;
ನಾವು ಸರಿಯಾಗಿ ಅಲ್ಲೇ ಬೀರು ನಿಲ್ಲಿಸಿದ್ದೆವು.
ಮುಸುರೆ ನೀರು ಎಲ್ಲಿ ಚೆಲ್ಲಿದರೂ
ಕೊನೆಗೆ ಹೋಗಿ ನಿಲ್ಲುವುದು
ಮಾಬುನ್ನಿಯ ಗೋಡೆ ಬುಡದಲ್ಲಿ.
ಅದಕ್ಕೇ ವಾರಕ್ಕೊಂದು ಜಗಳ.

ಆ ಜಾಗದಲ್ಲೊಂದು ನುಗ್ಗೆ ಕೋಲು ಊರಿದೆ.
ಎರಡು ಮಳೆಗಾಲಕ್ಕೆ ಅದು ಅವಳ ಮಾಳಿಗೆಗೆ ವಾಲಿತು.
ಮೊದಲ ಕಾಯಿ ಕಿತ್ತವಳು ಅವಳೇ,
ನನ್ನನ್ನು ಒಂದು ಮಾತೂ ಕೇಳದೆ.
ಸಂಜೆ ಸಾರು ಕಳಿಸಿದಳು.
ಉಪ್ಪು ಜಾಸ್ತಿಯಾಗಿತ್ತು.

ಜೀನ್ಸ್ ಚಿಂದಿ ಮೂರು ಚೀಲ ಇತ್ತು.
ಒಂದು ಚೀಲ ತಗಡಿನ ಸಂದಿಗೆ ತುರುಕಿದೆ,
ಒಂದನ್ನು ನೆನೆಸಿ ಕೊಡಗಳಿಗೆ ಸುತ್ತಿದೆ.
ಎಂಟು ದಿನಕ್ಕೊಮ್ಮೆ ಬರುವ ನಳದ ನೀರು
ಎಂಟನೇ ದಿನವೂ ತಣ್ಣಗೆ.
ಮೂರನೇ ಚೀಲ ಇನ್ನೂ ಹಾಗೇ ಇದೆ. ಇರಲಿ.

ವಾಷಿಂಗ್ ಯೂನಿಟ್ಟಿನ ನೀಲಿ ನೀರು ಮಾತ್ರ
ಯಾವ ಬೇರಿಗೂ ಬೇಡ.
ಎಲ್ಲವೂ ಗೊಬ್ಬರವಾಗುವುದಿಲ್ಲ.
ಇದನ್ನು ಕಲಿಸಿದ್ದು
ಸತ್ತುಹೋದ ಒಂದು ಬಸಳೆ.

ಒಂದು ಸಂಜೆ ಕರೆಂಟು ಹೋಗಿತ್ತು.
ದೀಪದ ಬೆಳಕಿನಲ್ಲಿ, ಹೊಲಿಗೆಯ ಚಾಕ್ ಹಿಡಿದು
ಮಷಿನ್ನಿನ ಸುತ್ತ ನೆಲಕ್ಕೆ ಗೀಟು ಎಳೆದೆ.
ಮೊದಲ ಗೀಟಿನೊಳಗೆ ಕೂತಲ್ಲೇ ಕೈಗೆ ಸಿಗಬೇಕಾದವು:
ಕತ್ತರಿ, ನೀರಿನ ತಂಬಿಗೆ, ಮಣಿಕಟ್ಟಿಗೆ ಹಚ್ಚುವ ಮುಲಾಮು.
ಆಮೇಲೆ ಒಲೆ. ಅದರಾಚೆ ವಾರಕ್ಕೊಮ್ಮೆ ಬೇಕಾದ ಡಬ್ಬಿಗಳು.
ವಸ್ತು ಮುಗಿದರೂ ಚಾಕ್ ನಿಲ್ಲಲಿಲ್ಲ,
ಮನುಷ್ಯರಿಗೆ ಬಂತು.

ನಾದಿನಿ ಸುಂಕಮ್ಮ
ವರ್ಷಕ್ಕೊಮ್ಮೆ ಸಿರುಗುಪ್ಪದಿಂದ ಬಂದು
ಹದಿನೈದು ದಿನ ನನ್ನ ಅಡುಗೆಗೆ ಹೆಸರಿಡುವವಳು.
ಅವಳ ಜಾಗ ನಾಲ್ಕನೇ ಗೀಟು, ಸರಿಯಾಗೇ ಇತ್ತು.
ಅವಳು ಆಡಿದ ಒಂದು ಮಾತು ಮಾತ್ರ
ಹನ್ನೊಂದು ವರ್ಷದಿಂದ ಮೊದಲ ಗೀಟಿನೊಳಗೆ
ಕತ್ತರಿಯ ಪಕ್ಕದಲ್ಲೇ ಕೂತಿತ್ತು.
ಅದನ್ನೆತ್ತಿ ಅವಳ ಹತ್ತಿರವೇ ಇಟ್ಟು ಬಂದೆ.
ಭಾರವಿತ್ತು.
ಎರಡು ಸಲ ವಾಪಸ್ ಬಂತು.

ಮಗಳು ರೋಜಾ ಬಗ್ಗಿ ನೋಡಿ ಕೇಳಿದಳು:
"ಐದನೇದು ಯಾತಕ್ಕವ್ವ? ಖಾಲಿ ಐತಲ್ಲ."

ಬಚ್ಚಲ ಹಿಂದೆ ಒಂದೂವರೆ ಗೇಣು ಜಾಗವಿದೆ.
ಉತ್ತರಾಣಿ ತಾನೇ ಹುಟ್ಟಿ, ಸೀರೆಗೆ ಅಂಟಿ ಊರು ಸುತ್ತುತ್ತದೆ.
ಒಮ್ಮೆ ಚೇಳು, ಒಮ್ಮೆ ಹೆಸರು ತಿಳಿಯದ ಪುಟ್ಟ ಹಕ್ಕಿ.
ಎರ್ರಿಸ್ವಾಮಿ ಅಲ್ಲಿಗೆ ಸಿಮೆಂಟು ತಂದಿದ್ದ.
ಬಿಡು ಅಂದೆ. ಯಾಕೆ ಅಂದ.
ಉತ್ತರ ಇರಲಿಲ್ಲ, ಬಿಡು ಅಂತ ಮತ್ತೆ ಅಂದೆ.

ಈಗ ಕರೆಂಟು ಹೋದಾಗ
ಮೊದಲಿನ ಹಾಗೆ ನೂಲಿನ ಗಂಟು ಬಿಡಿಸಲು ಕೂರುವುದಿಲ್ಲ.
ಬಾಗಿಲ ಬಳಿ ಕಾಲು ಚಾಚಿ
ಸುಮ್ಮನೆ ಇರುತ್ತೇನೆ.
ಲೆಕ್ಕಕ್ಕೆ ಬಾರದ ಹೊತ್ತು.

ಮರುದಿನ ಕಸ ಗುಡಿಸುವಾಗ ಗೀಟೆಲ್ಲ ಅಳಿಸಿಹೋಯಿತು.
ಐದನೆಯದು ಮಾತ್ರ ಅರ್ಧ ಉಳಿದಿದೆ,
ಮಂಚದ ಕೆಳಗೆ,
ಬಾರಿಗೆ ಹೋಗದ ಕಡೆ.