ಬೆನ್ನು ಮಗುಚಿ ನೋಡುವುದು

ತಬ್ರೀಜಿನಲ್ಲಿ ರತ್ನಗಂಬಳಿ ಕೊಳ್ಳುವವರು
ಹೂವನ್ನು ನೋಡುವುದಿಲ್ಲ.
ಮೂಲೆ ಹಿಡಿದು ಮಗುಚುತ್ತಾರೆ,
ಬೆನ್ನಿನ ಮೇಲೆ ಬೆರಳಾಡಿಸಿ
ಗಂಟು ಎಣಿಸುತ್ತಾರೆ.
ಮುಖ ಎಲ್ಲರದೂ ಚೆಂದವೇ, ಅನ್ನುತ್ತಿದ್ದಳು
ನನಗೆ ಸೂಜಿ ಹಿಡಿಸಿದ ಸೋನಾ ಖಾನುಮ್.

ನಾನು ಸೆವಿಲ್. ರಫು ನನ್ನ ಕಸುಬು.
ಇಲಿ ಕಡಿದದ್ದು, ನುಸಿ ತಿಂದದ್ದು, ಸಮೋವರಿನ ಕೆಂಡ ಸುಟ್ಟದ್ದು,
ತೂತಿನ ಚಿತ್ರ ಗಿರಾಕಿಗಳು ಕಳಿಸುತ್ತಾರೆ,
ಬಣ್ಣ ನೋಡಿ ನಾನು ಬೆಲೆ ಹೇಳುತ್ತೇನೆ.
ಹೋದ ಎಲೆಯುದುರುವ ಕಾಲದಿಂದ
ಆ ಕಿಟಕಿ ಮುಚ್ಚಿದ್ದಾರೆ.
ತಟ್ಟಿದರೆ ಪರದೆಯ ಮೇಲೆ ಒಂದು ಚಕ್ರ
ಸುತ್ತುತ್ತದೆ, ಸುತ್ತುತ್ತದೆ,
ಗಾಣಕ್ಕೆ ಕಟ್ಟಿದ ಎತ್ತು.

ಹಾಗಾಗಿ ಈಗ ಊರಿಗೆ ಊರೇ
ವಿಪಿಎನ್ ಹುಡುಕುತ್ತದೆ.
ರೊಟ್ಟಿ ಅಂಗಡಿಯ ಸಾಲಿನಲ್ಲಿ ಕೇಳುತ್ತಾರೆ:
ನಿಮ್ಮದು ಇವತ್ತು ನಡೀತಾ?
ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈಯಿಟ್ಟುಕೊಂಡೇ ಕೇಳಿದರು.
ನಾನು ಆ ಅಂದೆ.
ಅವರು ಅದನ್ನು ಹೌದೆಂದುಕೊಂಡರು.

ಮೊದಲು ಹಾಕಿದ್ದು ಪುಕ್ಕಟೆಯದು.
ಹಸಿರು ಗುರಾಣಿ, ಮೇಲೊಂದು ನಗುವ ನರಿ.
ನರಿ ನಕ್ಕರೆ ಕೋಳಿಯ ಒಡತಿ ಯೋಚಿಸಬೇಕು.
ದಾರಿ ತೋರುವ ಆ್ಯಪಿಗೆ
ನನ್ನ ನೆಂಟರ ನಂಬರು ಯಾಕೆ ಬೇಕು?
ನನ್ನಿಂದ ದುಡ್ಡು ಕೇಳದವನು
ನನ್ನನ್ನೇ ಎಲ್ಲೋ ತೂಗಿಸುತ್ತಿರುತ್ತಾನೆ.
ಮೂರನೇ ದಿನ ತೆಗೆದುಹಾಕಿದೆ.

ಎರಡನೆಯದರ ಜಾಹೀರಾತು ದೊಡ್ಡದು.
ಅರವತ್ತು ದೇಶ, ಮಿಂಚಿನ ವೇಗ,
ನಾವು ಏನನ್ನೂ ಬರೆದಿಡುವುದಿಲ್ಲ, ಆಣೆ.
ಆಣೆಯ ಕೆಳಗೆ ಸಣ್ಣಕ್ಷರ:
ಬಂದ ಹೊತ್ತು, ಹೋದ ಹೊತ್ತು, ಬಂದ ಬಾಗಿಲು,
ಸೇವೆಯ ಸುಧಾರಣೆಗಾಗಿ.
ಒಡೆಯ ಯಾರೆಂದರೆ ಒಂದು ದ್ವೀಪದ ಅಂಚೆಪೆಟ್ಟಿಗೆ.
ಮಗುಚಲು ಹೋದೆ. ಬೆನ್ನಿಗೆ ಬಟ್ಟೆ ಹೊಲಿದಿದ್ದರು.
ಬೆನ್ನಿಗೆ ಬಟ್ಟೆ ಹೊಲಿದ ಕಂಬಳಿಯನ್ನು
ನಮ್ಮ ಬಜಾರಿನಲ್ಲಿ ಅವಸರದ ಮದುಮಗನೂ ಕೊಳ್ಳುವುದಿಲ್ಲ.

ಮೂರನೆಯದು ಬೆಹರೂಜ್ ಮಾರುವುದು,
ಗಲ್ಲಿಯ ಕೊನೆಯ ಫೋನು ರಿಪೇರಿ ಹುಡುಗ.
ಸೋವಿ. ಓಡುತ್ತದೆ. ನಿಂತರೆ ರಾತ್ರಿ ಹನ್ನೊಂದಕ್ಕೂ
ಮನೆಯ ಚಪ್ಪಲಿಯಲ್ಲೇ ಬಂದು ಸರಿಮಾಡಿ ಕೊಡುತ್ತಾನೆ.
ಅವನಲ್ಲಿ ಕಪಟವಿಲ್ಲ; ಇರುವುದೊಂದು ಉದ್ರಿ ಪುಸ್ತಕ.
ಅದರಲ್ಲಿ ನಾವೆಲ್ಲ ಇದ್ದೇವೆ,
ನಂಬರು, ತಾರೀಖು, ಬಾಕಿ.
ಒಂದು ಸಂಜೆ ಇಬ್ಬರು ಅಂಗಡಿಗೆ ಬಂದು
ಚಾರ್ಜರಿನ ಬೆಲೆ ಕೇಳಿ, ಕೊಳ್ಳದೆ,
ಗೋಡೆ ನೋಡಿಕೊಂಡು ಹೋದರಂತೆ.
ಮರುದಿನ ಹೋಗಿ, ನನ್ನ ಹಾಳೆ ಹರಿ, ಅಂದೆ.
ಹರಿದ. ಒಲೆಗೆ ಹಾಕಿದ.
ಮುಂದಿನ ಹಾಳೆಯ ಮೇಲೆ, ದೀಪಕ್ಕೆ ಓರೆ ಹಿಡಿದರೆ,
ಒತ್ತಿ ಬರೆಯುವ ಅವನ ಕೈ:
ಸೆವಿಲ್, ರಫು, ಎರಡು ತಿಂಗಳು.

ಆ ರಾತ್ರಿ ನಾನು ಲೆಕ್ಕ ಬದಲಿಸಿದೆ.
ಯಾರು ಗುಟ್ಟು ಕಾಯುತ್ತಾರೆಂದು ಕೇಳುವುದು ಬಿಟ್ಟೆ.
ಯಾರ ಬಳಿ ಕಾಯಲು ಏನೂ ಇಲ್ಲ?

ನಾಲ್ಕನೆಯದು ಚೆಂದವಿಲ್ಲ. ಬೂದು ಬಣ್ಣ.
ಹೆಸರು ಕೇಳಲಿಲ್ಲ; ಹದಿನಾರು ಅಂಕಿ ಕೊಟ್ಟು
ಇದೇ ನೀನು ಅಂದಿತು.
ಹೆಣಿಗೆಯನ್ನು ಬಯಲಲ್ಲಿ ಹರವಿದ್ದಾರೆ,
ಬಲ್ಲವರು ಬಂದು ಗಂಟು ಎಣಿಸಿ
ಎಲ್ಲಿ ಸಡಿಲವೆಂದು ಬರೆದುಹೋಗಿದ್ದಾರೆ.
ಸಡಿಲವಿತ್ತು ಎಂದು ಒಪ್ಪಿಕೊಂಡದ್ದೇ ನನಗೆ ಹಿಡಿಸಿತು.
ಒಮ್ಮೆ ಪೊಲೀಸರು ಅವರ ಕಚೇರಿಗೆ ಬಂದು
ಬರಿಗೈಲಿ ಮರಳಿದರಂತೆ.
ಅಂತೆ. ನಾನು ಕಂಡಿಲ್ಲ.
ದುಬಾರಿ: ತಿಂಗಳಿಗೆ ಒಂದು ಲಡಿ ನೀಲಿ ಉಣ್ಣೆ.
ಗಡಿಯಾಚೆ, ವಾನ್ ಪಟ್ಟಣದ ನಾದಿನಿ ಐಲಾರ್
ಹೆಸರಿಲ್ಲದ ಲಕೋಟೆಯಲ್ಲಿ ನೋಟಿಟ್ಟು ಅಂಚೆಗೆ ಹಾಕುತ್ತಾಳೆ.

ನಂಬಿದೆನೇ? ಇಲ್ಲ.
ರಫುಗಾರ್ತಿ ಯಾವ ದಾರವನ್ನೂ ನಂಬುವುದಿಲ್ಲ,
ಎಳೆದು ನೋಡುತ್ತಾಳೆ. ದಿನಾ.

ಇವತ್ತು ಬೆಳಿಗ್ಗೆ ಚಕ್ರ ನಿಂತಿತು, ಕಿಟಕಿ ತೆರೆಯಿತು.
ಮೊದಲ ಚಿತ್ರ: ದಾಳಿಂಬೆ ಹೂಗಳ ನಡುವೆ
ಅಂಗೈಯಗಲ ತೂತು.
ಕೆಳಗೆ, ಯಾರೋ, ಹೆಸರು ಹಾಕದೆ:
ಗೊತ್ತಾಗದ ಹಾಗೆ ಮಾಡಲು ಆಗುತ್ತದೆಯೇ?
ಮುಖದಲ್ಲಿ ಆಗುತ್ತದೆ, ಬರೆದೆ.
ಬೆನ್ನಲ್ಲಿ ಆಗುವುದಿಲ್ಲ.