ಸುಝೌ ಹೊಳೆಯಂಚಿನ ಗಿರಣಿ

ಬೆಳಗಿನಿಂದ ಏಳು ಗ್ಯಾಲರಿ. ಕಾಲು ಸೋತಿತ್ತು.
ಎಂಟನೆಯದು ಹತ್ತಿಗಿರಣಿಯ ಹಳೆಯ ಶೆಡ್ಡು:
ಗೋಡೆಯ ಮೇಲೆ ಅರ್ಧ ಅಳಿಸಿದ ಕೆಂಪು ಘೋಷಣೆ,
ಅದಕ್ಕೂ ಒಂದು ದೀಪ ಬಿಟ್ಟಿದ್ದಾರೆ.

ಸೂರಿನಿಂದ ಇಳಿದ ಸಾವಿರ ಬಿಳಿ ನೂಲು,
ಒಂದು ಮಾತ್ರ ಕಡಿದು ತೂಗುತ್ತಿತ್ತು.
ಫಲಕದಲ್ಲಿ: ವಿರಾಮ. ಮುಟ್ಟಬೇಡಿ.

ಮೂಲೆಯ ಸ್ಟೂಲಿನಲ್ಲಿ ಕಾವಲಿಗೆ ಶೆನ್ ಫೆಂಗ್‌ಶ್ಯಾ,
ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಊದುತ್ತ.
ಹದಿನೆಂಟು ವರ್ಷ ಇಲ್ಲೇ ಕದಿರು ನೋಡಿದವಳಂತೆ,
ಜೊತೆಗೆ ಬಂದ ಲೂ ಕೇಳಿ ತಿಳಿಸಿದ.

ಜನ ಕರಗಿದರು. ಅವಳೆದ್ದಳು.
ಹೆಬ್ಬೆರಳು, ತೋರುಬೆರಳು,
ಕಣ್ಣು ಮಿಟುಕುವಷ್ಟರಲ್ಲಿ ಒಂದು ಗಂಟು.
ಮತ್ತೆ ಕೂತಳು.

ನಾಳೆ ಕತ್ತರಿಸುತ್ತಾರಲ್ಲ, ಎಂದೆ.
ಲೂ ದಾಟಿಸಿದ. ಅವಳು ನೀರು ಹೀರಿ:
ದಿನಾ ಕತ್ತರಿಸುತ್ತಾರೆ.