ಹಗ್ಗದ ಈ ತುದಿ

ಬೇಸಿಗೆಯಲ್ಲಿ ಕೊಟ್ಕಾದಿಂದ ಜನ ಬರುತ್ತಾರೆ,
ಫಿನ್ಲೆಂಡ್ ಕೊಲ್ಲಿಯ ಈ ಬೋಳುಬಂಡೆಗೆ.
ತಲೆಗೆ ಎಂಟು ಯೂರೋ, ನಾಯಿಗೆ ಪುಕ್ಕಟೆ.
ದೋಣಿ ಇಳಿದವರೇ ಕೇಳುತ್ತಾರೆ: ಫಿರಂಗಿ ಎಲ್ಲಿ?
ತೋರಿಸುತ್ತೇನೆ. ಬಂಡೆಯ ನೆತ್ತಿಗೆ ಮೆತ್ತಿದ ಕಾಂಕ್ರೀಟು,
ಅದರಲ್ಲಿ ದುಂಡಗೆ ನಿಂತ ಹದಿನಾರು ಬೋಲ್ಟು,
ತುಕ್ಕು ಹಿಡಿದ ಹಲ್ಲುಗಳ ಹಾಗೆ.
ಫೋಟೋ ತೆಗೆಯುತ್ತಾರೆ. ಬುತ್ತಿ ಬಿಚ್ಚುತ್ತಾರೆ.

ಯಾರೂ ಕೇಳದ್ದು ಆ ಕಡೆಯ ದಿಬ್ಬದ ಮೇಲಿದೆ:
ನಾಲ್ಕು ಮರದ ಕಂಬದ ಬುಡ, ಸುತ್ತ ಜೂನಿಪರ್ ಪೊದೆ.
ಅಟ್ಟಣಿಗೆ ಇತ್ತು ಅಲ್ಲಿ. ಮೂವತ್ತೊಂದು ಮೆಟ್ಟಿಲು.
ನನಗೆ ಹನ್ನೊಂದು. ಈ ದ್ವೀಪದ ಮೀನುಗಾರನ ಮಗ.
ನಮ್ಮ ಮನೆಯನ್ನು ಸೈನ್ಯ ತೆಗೆದುಕೊಂಡಿತ್ತು,
ಅಮ್ಮನನ್ನು ಬಟ್ಟೆ ಒಗೆಯಲು,
ನನ್ನನ್ನು ಹಗ್ಗ ಹಿಡಿಯಲು.

ಹಗ್ಗದ ಆ ತುದಿಯಲ್ಲಿ ಹಿಲ್ಯಾ ಪುರ್ಹೊನೆನ್,
ಹುಟ್ಟುಕುರುಡಿ, ಬ್ರಷ್ ಕಟ್ಟುವ ಕಾರ್ಖಾನೆಯಿಂದ ಬಂದವಳು.
ಕುರುಡರಿಗೆ ವಿಮಾನ ಬೇಗ ಕೇಳಿಸುತ್ತದೆಂದು
ಯಾರೋ ಮೇಲಿನವರು ಕಾಗದದಲ್ಲಿ ಬರೆದಿದ್ದರಂತೆ.
ಕ್ಯಾಪ್ಟನ್ ಸೊಯಿನಿ ನಕ್ಕ: "ಕಾವಲಿಗೆ ಕುರುಡಿ!
ಇನ್ನು ಅಡಿಗೆಗೆ ಕೈಯಿಲ್ಲದವನನ್ನು ಕಳಿಸಲಿ."
ಒಂದು ವಾರ ನಕ್ಕ.
ಉಳಿದವರಿಗಿಂತ ಮೂರು ನಿಮಿಷ ಮುಂಚೆ
ಅವಳ ಗದ್ದ ಮೇಲೇಳುತ್ತಿತ್ತು,
ಹಾಲು ಉಕ್ಕುವ ಮುನ್ನವೇ ಒಲೆಯ ಕಡೆ ತಿರುಗುವವಳ ಹಾಗೆ.
"ಆಗ್ನೇಯ. ಎರಡು. ಎತ್ತರದಲ್ಲಿ."
ಔನೆ ಫೋನಿನ ಹಿಡಿಕೆ ತಿರುಗಿಸುತ್ತಿದ್ದಳು,
ಕೆಳಗೆ ಗಂಡಸರು ಬೂಟು ಹುಡುಕುತ್ತಿದ್ದರು.

ಎಂಜಿನ್ನುಗಳಿಗೆ ಅವಳಲ್ಲಿ ಬೇರೆ ಹೆಸರು:
ಹೊಲಿಗೆ ಯಂತ್ರ, ಕೆಮ್ಮುವ ಪಾದ್ರಿ, ಡಬ್ಬಿಯೊಳಗಿನ ಜೇನು.
ನನಗೂ ಕಲಿಸಿದಳು: ಬಾಯಿ ತುಸು ತೆರೆದಿಟ್ಟುಕೋ,
ಟೋಪಿ ತೆಗೆ. ಕಿವಿ ಮರಗಟ್ಟಿದರೂ ತೆಗೆ.
ಚಿಕೋರಿ ಕಾಫಿಯ ಬಟ್ಟಲನ್ನು ಕಿವಿಗೊತ್ತಿಕೊಳ್ಳುತ್ತಿದ್ದಳು,
ಆರಿದ ಮೇಲೆ ನನಗೆ ಕೊಡುತ್ತಿದ್ದಳು.

ನಲವತ್ತನಾಲ್ಕರ ಫೆಬ್ರವರಿ. ಕಡಲು ಗಟ್ಟಿಯಾಗಿತ್ತು,
ಕುದುರೆ ನಡೆದುಹೋಗುವಷ್ಟು.
ಆ ರಾತ್ರಿ ಗದ್ದ ಎತ್ತಿದವಳು ಬೇಗ ಬಾಯಿ ಬಿಡಲಿಲ್ಲ.
"ಒಂದೇ. ಪಶ್ಚಿಮದಿಂದ. ಮನೆಗೆ ಹೊರಟಿದೆ.
ಒಂದು ಎಂಜಿನ್ ಸತ್ತಿದೆ. ಇನ್ನೊಂದು ಕುಂಟುತ್ತಿದೆ."
ಔನೆ ಒಂದಕ್ಷರ ಬಿಡದೆ ಫೋನಿಗೆ ಒಪ್ಪಿಸಿದಳು.
ಸೊಯಿನಿಯ ದನಿ ನನಗೂ ಕೇಳಿಸಿತು:
"ದಿಕ್ಕು ಕೇಳಿದೆ, ಆರೋಗ್ಯ ಕೇಳಲಿಲ್ಲ."

ಯುದ್ಧವಿಡೀ ನಮ್ಮ ಫಿರಂಗಿಗಳು ಗುರಿ ಮುಟ್ಟಿದ್ದು
ಅದೊಂದೇ ಸಲ.

ಬೆಳಕು ಹರಿದ ಮೇಲೆ ಗಂಡಸರು ನಡೆದು ಹೋದರು,
ಹಿಂದೆ ನಾನು.
ನೀರು ಆಗಲೇ ಮುಚ್ಚಿಕೊಳ್ಳುತ್ತಿತ್ತು, ಮಾಯುವ ಗಾಯದ ಪೊರೆಯಂತೆ.
ಅಂಚಿನಲ್ಲಿ ಒಂದು ಫೆಲ್ಟ್ ಬೂಟು, ಎಡಗಾಲಿನದು.
ಅಳತೆ ಸರಿಹೋಗುತ್ತದೇನೋ ಎಂದು ಒಬ್ಬ ಹಾಕಿ ನೋಡಿದ.

ಮೆಟ್ಟಿಲು ಹತ್ತಿ ಬಂದಾಗ ಹಿಲ್ಯಾ ಕೇಳಿದ್ದಿಷ್ಟೇ:
"ಎಷ್ಟು ದೊಡ್ಡದಿತ್ತು?"
ನಮ್ಮ ಅಡಿಗೆಮನೆಯಷ್ಟು, ಎಂದೆ.
ಸುಳ್ಳು. ಇಗರ್ಜಿಯಷ್ಟಿತ್ತು.
ನನ್ನ ದನಿ ಕುಂಟಿದ್ದು ಅವಳಿಗೆ ಕೇಳಿಸಿರಬೇಕು.
ಅಂದಿನಿಂದ ದಿಕ್ಕು, ಸಂಖ್ಯೆ, ಎತ್ತರ. ಅಷ್ಟೇ.
ಹೊಲಿಗೆ ಯಂತ್ರವೂ ಇಲ್ಲ, ಪಾದ್ರಿಯೂ ಇಲ್ಲ.

ಸೆಪ್ಟೆಂಬರಿನಲ್ಲಿ ಶಾಂತಿ. ಫಿರಂಗಿಗಳು ಹಡಗು ಹತ್ತಿದವು.
ಔನೆ ತನ್ನ ಬಿಲ್ಲೆಯನ್ನು ಆಲೂಗಡ್ಡೆ ಪಾತಿಯಲ್ಲಿ ಹೂತಳು.
ಗುಂಡಿನ ಪೆಟ್ಟಿಗೆಗಳಲ್ಲಿ ಅಮ್ಮ ಉಪ್ಪುಮೀನು ತುಂಬಿದಳು,
ಮೂರು ಚಳಿಗಾಲ ಗ್ರೀಸಿನ ವಾಸನೆ ತಿಂದೆವು.
ಹಿಲ್ಯಾ ಕಾರ್ಖಾನೆಗೆ ಮರಳಿದಳು. ಕ್ರಿಸ್‌ಮಸ್ಸಿಗೆ
ಒಂದು ಬ್ರಷ್ ಕಳಿಸಿದಳು, ಕುದುರೆಕೂದಲಿನದು.
ಈಗಲೂ ಅದರಿಂದಲೇ ದೋಣಿ ಉಜ್ಜುತ್ತೇನೆ.
ಒಂದು ಬದಿ ಪೂರಾ ಸವೆದಿದೆ.

ದಾಖಲೆಯಲ್ಲಿ ಈ ಜಾಗಕ್ಕೆ ಒಂದೂವರೆ ಸಾಲು:
ಶತ್ರುವಿಮಾನ ಒಂದು, ಎರಡು ಗಂಟೆ ಹದಿನಾಲ್ಕು ನಿಮಿಷ.
ಉಳಿದರ್ಧದಲ್ಲಿ ಖರ್ಚಾದ ಗುಂಡುಗಳ ಲೆಕ್ಕ.

ಐದಕ್ಕೆ ಕೊನೆಯ ದೋಣಿ. ಎಲ್ಲರೂ ಹತ್ತಿದರೇ ಎಂದು ಎಣಿಸಿ
ಹಗ್ಗ ಬಿಚ್ಚುತ್ತೇನೆ, ಎಂಜಿನ್ನಿನ ದಾರ ಎಳೆಯುತ್ತೇನೆ.
ಮೂರನೇ ಎಳೆತಕ್ಕೆ ಕೆಮ್ಮುತ್ತದೆ.
ಎಲ್ಲಿ ಕೆಮ್ಮುತ್ತಿದೆಯೆಂದು ಕೇಳಲು
ಟೋಪಿ ತೆಗೆಯುತ್ತೇನೆ.
ಸತ್ತವರ ಗೌರವಕ್ಕೆ ಅಂದುಕೊಂಡು
ಒಬ್ಬಿಬ್ಬರು ತಾವೂ ತೆಗೆಯುತ್ತಾರೆ.